ಕೊಟ್ಟಿಗೆಯ ಕಂಬ ನಮ್ಮದು

ಮದುವೆಗೆ ಚಪ್ಪರ ಬೇಕು. ಜಾತ್ರೆಗೆ ಚಪ್ಪರ ಬೇಕು. ಸಾವಿಗೂ ನಾಲ್ಕು ಗಳ ಬೇಕು. ಗುಂಡಿ ತೋಡಿದವರು ಯಾರು? ಬಿದಿರು ಕಡಿದು ಹೊತ್ತು ತಂದವರು ಯಾರು? ತೆಂಗಿನ ಗರಿ ಹೆಣೆದು ಹಾಸಿದವರು ಯಾರು? ಚಪ್ಪರ ಎದ್ದು ನಿಂತ ಮೇಲೆ, ಏಯ್ ದೂರ ನಿಂತ್ಕೊಳ್ರೋ, ಅನ್ನಿಸಿಕೊಂಡವರು ಯಾರು? ಹಳೇ ಮೈಸೂರಿನ ಯಾವ ಊರ ಕೇರಿಗೆ ಹೋದರೂ ಮುದುಕರು ಇದಕ್ಕೆ ಒಂದೇ ಉತ್ತರ ಹೇಳುತ್ತಾರೆ. ಕೇಳುವ ಕಿವಿ ಇರಬೇಕು, ಅಷ್ಟೆ.

ಸಂಗಾತಿಗಳೇ, ಈ ಬರಹ ಒಂದು ದನದ ಕೊಟ್ಟಿಗೆಯ ಬಗ್ಗೆ. ನಗಬೇಡಿ. ಕ್ರಾಂತಿಯ ಬಗ್ಗೆ ಬರೆಯುವ ಪುಟದಲ್ಲಿ ಕೊಟ್ಟಿಗೆ ಯಾಕೆ ಎಂದು ಕೇಳುವವರಿಗೆ ಒಂದೇ ಮಾತು: ನಮ್ಮ ಅಪ್ಪಂದಿರಲ್ಲಿ ಎಷ್ಟೋ ಜನ ಬೆಳೆದದ್ದೇ ಕೊಟ್ಟಿಗೆಯಲ್ಲಿ. ಜೀತಕ್ಕಿದ್ದ ಹುಡುಗ ಮಲಗುತ್ತಿದ್ದದ್ದು ದನಗಳ ಕಾಲ ಬುಡದಲ್ಲಿ. ಅವನಿಗೆ ಮುದ್ದೆ ಬೀಳುತ್ತಿದ್ದದ್ದೂ ಅಲ್ಲೇ. ಗೌಡರ ಪಡಸಾಲೆ ಮೈಲಿಗೆಯಾಗುತ್ತಿತ್ತು, ಗೌಡರ ಕೊಟ್ಟಿಗೆ ಮೈಲಿಗೆಯಾಗುತ್ತಿರಲಿಲ್ಲ! ಊರಿನ ಚಾಕರಿ ಹುದ್ದೆಗಳನ್ನು ರದ್ದು ಮಾಡಿ 1961ರಲ್ಲಿ ಕಾಯ್ದೆ ಬಂತು. ಜೀತ ರದ್ದು ಮಾಡಿ 1976ರಲ್ಲಿ ಕಾಯ್ದೆ ಬಂತು. ಕಾಗದದಲ್ಲಿ ನಾವು ಕೊಟ್ಟಿಗೆಯಿಂದ ಹೊರಗೆ ಬಂದೆವು. ಬಂದು ಎಲ್ಲಿ ನಿಂತೆವು? ಬಯಲಲ್ಲಿ. ನಮ್ಮದು ಅಂತ ಒಂದು ದನ ಇದ್ದರೆ ಅದೂ ಬಯಲಲ್ಲಿ.

ದನ ಬದುಕಿದ್ದಾಗ ಅವರ ಕೊಟ್ಟಿಗೆಯಲ್ಲಿ, ಸತ್ತ ಮೇಲೆ ನಮ್ಮ ಹೆಗಲ ಮೇಲೆ. ಇದು ಈ ದೇಶದ ಕಾನೂನು. ಯಾವ ಶಾಸನಸಭೆಯೂ ಇದನ್ನು ಬರೆಯಲಿಲ್ಲ, ಎಲ್ಲರೂ ಪಾಲಿಸಿದರು. ಸತ್ತ ದನ ಹೊರುವುದನ್ನು ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಹೇಳಿದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಬಟ್ಟೆ ಬಿಚ್ಚಿ ಹೊಡೆದರಲ್ಲ, ಆಗ ಅಲ್ಲಿಯ ಜನ ಹೆಣ ಎತ್ತುವುದನ್ನು ನಿಲ್ಲಿಸಿ ಭೂಮಿ ಕೇಳಿದರು. ಹಾಗಾದರೆ ನೀವು ದನದ ಸಹವಾಸಕ್ಕೇ ಯಾಕೆ ಹೋಗ್ತೀರಿ, ಓದಿ ಕೆಲಸ ಹಿಡೀರಿ ಅಂತ ನಮ್ಮವರೇ ಕೆಲವರು ಬುದ್ಧಿ ಹೇಳುತ್ತಾರೆ. ಸತ್ತ ದನ ಹೊರುವುದು ಬೇರೆ, ಬದುಕಿರುವ ದನವನ್ನು ನಮ್ಮ ಕಂಬಕ್ಕೆ ಕಟ್ಟುವುದು ಬೇರೆ. ಮೊದಲನೆಯದು ಹುಟ್ಟಿನಿಂದ ಅಂಟಿಸಿದ ಶಿಕ್ಷೆ. ಎರಡನೆಯದು ಆಸ್ತಿ. ಓದಿದ ಹುಡುಗನ ಫೀಸು ಎಷ್ಟೋ ಮನೆಗಳಲ್ಲಿ ಹಾಲಿನ ಡೈರಿಯ ಪುಸ್ತಕದಿಂದ ಬಂದಿದೆ ಎಂಬುದು ಬುದ್ಧಿ ಹೇಳುವವರಿಗೆ ಗೊತ್ತಿಲ್ಲದ್ದೇನಲ್ಲ.

ಈಗ ಮೈಸೂರಿಗೆ ಬನ್ನಿ. ಸಾಂಸ್ಕೃತಿಕ ನಗರಿ ಅನ್ನುತ್ತಾರಲ್ಲ, ಆ ಮೈಸೂರಿಗೆ. ಇಲ್ಲಿ ಮರದ ಕಂಬದ ಅರಮನೆ ಒಂದಿತ್ತು. 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಬರೆದ, 1912ಕ್ಕೆ ಹೊಸದು ಎದ್ದಿತು, 41 ಲಕ್ಷ ರೂಪಾಯಿಗೂ ಮೇಲೆ ಖರ್ಚಾಯಿತು. ನಕ್ಷೆ ಬರೆದವನ ಹೆಸರು ಗೈಡುಗಳ ಬಾಯಲ್ಲಿದೆ. ಕಲ್ಲು ಹೊತ್ತವರ ಹೆಸರು ಯಾವ ಗೈಡಿನ ಬಾಯಲ್ಲಿದೆ? ಅದೇ ಅರಮನೆಯ ಅಂಗಳದಲ್ಲಿ ಪ್ರತಿ ದಸರೆಗೆ ತಾತ್ಕಾಲಿಕ ಶೆಡ್ಡುಗಳು ಏಳುತ್ತವೆ. ಆನೆಗಳ ಜೊತೆ ಕಾಡಿನಿಂದ ಬಂದ ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ವಾರಗಟ್ಟಲೆ ಅದರೊಳಗೆ ಬದುಕುತ್ತಾರೆ. ಮಕ್ಕಳಿಗೆ ಅಲ್ಲೇ ಒಂದು ಟೆಂಟು ಶಾಲೆ. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಆನೆ ಹೊರುತ್ತದೆ, ಆನೆಯನ್ನು ಮಾವುತ ನಡೆಸುತ್ತಾನೆ. ಟಿವಿಯವರು ಆನೆಯ ತೂಕ ಹೇಳುತ್ತಾರೆ, ಆನೆ ತಿನ್ನುವ ಮುದ್ದೆಯ ಲೆಕ್ಕ ಹೇಳುತ್ತಾರೆ. ಮೆರವಣಿಗೆ ಮುಗಿದ ಮೇಲೆ ಶೆಡ್ಡು ಕಿತ್ತು, ಲಾರಿ ಹತ್ತಿಸಿ, ಹೋಗ್ಬನ್ನಿ ಅನ್ನುತ್ತಾರೆ.

ಲಾರಿ ಹೋಗುವ ಕಾಡಿನ ಕಡೆ ಏನಾಗಿದೆ? 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಜೇನು ಕುರುಬರ ಕುಟುಂಬಗಳು ವಾಪಸ್ಸು ಹೋಗಿ, ತಮ್ಮ ಅಜ್ಜ ಅಜ್ಜಿಯರ ನೆಲದ ಮೇಲೆ ತಾವೇ ಗಳ ನೆಟ್ಟು ಟಾರ್ಪಾಲು ಎಳೆದು ಮನೆ ಮಾಡಿಕೊಂಡರು. 2006ರ ಅರಣ್ಯ ಹಕ್ಕು ಕಾಯ್ದೆ ಕೈಯಲ್ಲಿ ಹಿಡಿದೇ ಹೋದರು. ಇಲಾಖೆಯ ಬಾಯಲ್ಲಿ ಅದು ಅತಿಕ್ರಮಣ. ಕಬಿನಿ ಹಿನ್ನೀರಿನ ದಂಡೆಯಲ್ಲಿ ಹುಲ್ಲು ಹೊದಿಸಿದ ಗುಡಿಸಲು ಮಾಡಿ, ಒಳಗೆ ಎ.ಸಿ. ಇಟ್ಟು, ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ ವಸೂಲು ಮಾಡುವುದು ಮಾತ್ರ ಪ್ರವಾಸೋದ್ಯಮ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ನೀರೊಳಗೆ ಮುಳುಗಿದ ಹಾಡಿಗಳ ಗುಡಿಸಲೂ ಹುಲ್ಲಿನವೇ ಆಗಿದ್ದವು ಕಣ್ರೀ! ನಾವು ಕಟ್ಟಿದರೆ ಗುಡಿಸಲು, ಅವರು ಕಟ್ಟಿದರೆ ಕಾಟೇಜು. ನಮ್ಮದು ಹಿಂದುಳಿದಿರುವಿಕೆ, ಅವರದು ಪರಿಸರಪ್ರೇಮ.

ಇನ್ನು ನಗರದ ಅಂಚಿನ ಕಥೆ. ಊರುಗಳನ್ನು ನುಂಗುವ ಹಲ್ಲು ಮೈಸೂರಿಗೆ ಬಹಳ ಹಿಂದೆಯೇ ಮೂಡಿದೆ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು, 1988ರಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರ ಆಯಿತು. ಹೆಸರು ಬದಲಾಗುತ್ತದೆ, ಹಲ್ಲು ಬದಲಾಗುವುದಿಲ್ಲ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೋರ್ಡು ಬದಲಾಯಿಸಿದ್ದಷ್ಟೇ ಅಲ್ಲ. ಗ್ರಾಮ ಪಂಚಾಯಿತಿ ಹೋದ ದಿನ ನರೇಗಾ ಕೂಡ ಹೋಯಿತು. ಆ ಕಾಯ್ದೆ ಇದ್ದದ್ದು ಹಳ್ಳಿಗೆ, ಪಟ್ಟಣಕ್ಕಲ್ಲ. ಹಳ್ಳಿಯಲ್ಲಿದ್ದವರಿಗೆ 2021ರ ಹೊತ್ತಿನಲ್ಲಿ ದನದ ಕೊಟ್ಟಿಗೆಗೆ 57 ಸಾವಿರ ರೂಪಾಯಿ ಎಂದು ಗೋಡೆ ಗೋಡೆಯ ಮೇಲೆ ಬರೆಸಿದರು. ಈ ಕೇರಿಗಳ ಹೆಣ್ಣುಮಕ್ಕಳು ಅದನ್ನು ಓದುವ ಹೊತ್ತಿಗೆ ಅವರು ಪಟ್ಟಣದವರಾಗಿದ್ದರು. ದನ ಅದೇ, ತಿಪ್ಪೆ ಅದೇ, ಕೇರಿ ಅದೇ, ಕೇರಿಗೆ ಬಾರದ ನೀರೂ ಅದೇ. ಕಾಗದದಲ್ಲಿ ಮಾತ್ರ ಪಟ್ಟಣ.

ಹಳ್ಳಿಯಾಗಿಯೇ ಉಳಿದವರಿಗಾದರೂ ಆ ದುಡ್ಡು ಸಲೀಸಾಗಿ ಸಿಕ್ಕಿತೆ? ಮೊದಲು ಜಾಗದ ಪತ್ರ ನಿಮ್ಮ ಹೆಸರಲ್ಲಿರಬೇಕು. ಕೇರಿಯಲ್ಲಿ ಅರ್ಧ ಜನರ ಜಾಗ ಸತ್ತುಹೋದ ಅಜ್ಜನ ಹೆಸರಲ್ಲಿದೆ, ಇನ್ನರ್ಧ ಜನರದ್ದು ಯಾರ ಹೆಸರಲ್ಲೂ ಇಲ್ಲ. 94ಸಿ, 94ಸಿಸಿ ಎಂದು ಕಲಮುಗಳಿವೆ. ಅವು ಮನುಷ್ಯರು ವಾಸಿಸುವ ಮನೆಗೆ, ದನ ಕಟ್ಟುವ ಜಾಗಕ್ಕಲ್ಲ. ಆಮೇಲೆ ಕೈಯಿಂದ ದುಡ್ಡು ಹಾಕಿ ಕಟ್ಟಿ, ಅಂಗಡಿ ಬಿಲ್ಲು ತಂದು, ಫೋಟೋ ಹಿಡಿಸಿ, ಹಣಕ್ಕೆ ಕಾಯಬೇಕು. ಕೈಯಲ್ಲಿ ದುಡ್ಡಿದ್ದವನಿಗೆ ಸರ್ಕಾರ ದುಡ್ಡು ಕೊಡುತ್ತದೆ ಅಂದ ಹಾಗಾಯಿತು. ಸ್ವಂತ ಬದುವಿನ ಮೇಲೆ ಕಡಿದ ಸರ್ವೆ ಕಂಬಕ್ಕೆ ಯಾವ ಅಂಗಡಿಯವನು ಬಿಲ್ಲು ಕೊಡುತ್ತಾನೆ? ಅಣ್ಣತಮ್ಮಂದಿರು ಸೇರಿ ತೋಡಿದ ಗುಂಡಿಗೆ ಜಿ.ಎಸ್.ಟಿ. ಎಷ್ಟು? ಒಂದು ಕಚೇರಿಯ ಮೇಜಿನ ಮುಂದೆ ನಮ್ಮ ಅಕ್ಕನೊಬ್ಬಳು ನಿಂತಾಗ ಗುಮಾಸ್ತರು ಅಂದದ್ದು: "ನೀನೇ ಕಟ್ಕೊಂಡ್ರೆ ಅದು ಕೊಟ್ಟಿಗೆ ಅಲ್ಲಮ್ಮ, ಚಪ್ಪರ. ಕಂಟ್ರಾಕ್ಟರ್ ಕೈಲಿ ಕಟ್ಸು." ಅಕ್ಕ ಅಂದದ್ದು: "ಬುದ್ದಿ, ನಮ್ಮಪ್ಪ ನಿಮ್ಮಂತೋರ ಕೊಟ್ಟಿಗೆ ಇಪ್ಪತ್ತು ಕಟ್ಟವ್ನೆ. ಅವೆಲ್ಲ ಚಪ್ಪರವಾ?"

ಅದೇ ಅಕ್ಕನ ಕೊಟ್ಟಿಗೆಯನ್ನು ನಾವು ಕಟ್ಟಿದೆವು. ರಿಂಗ್ ರೋಡಿನ ಆಚೆ, ಕೇರಿಯ ಕೊನೆಯಲ್ಲಿ, ಎರಡು ಹಸು ಎರಡು ಕರುವಿಗೆ. ನಾವು ಎಂದರೆ ಹಾಸ್ಟೆಲಿನ ಹುಡುಗರು, ಇಬ್ಬರು ಮೇಷ್ಟರು, ಕೇರಿಯ ಹೆಣ್ಣುಮಕ್ಕಳು, ಮತ್ತು ಎಪ್ಪತ್ತು ದಾಟಿದ ಒಬ್ಬ ದೊಡ್ಡಪ್ಪ. ಡಿಗ್ರಿ ಇದ್ದದ್ದು ನಮಗೆ, ವಿದ್ಯೆ ಇದ್ದದ್ದು ದೊಡ್ಡಪ್ಪನಿಗೆ. ಆ ವಿದ್ಯೆಯನ್ನು ಇಲ್ಲಿ ಬರೆದಿಡುತ್ತೇವೆ, ಯಾಕೆಂದರೆ ಇದನ್ನು ಯಾವ ಪಾಲಿಟೆಕ್ನಿಕ್ಕಿನ ಪಠ್ಯದಲ್ಲೂ ನಮ್ಮವರ ಹೆಸರಿನಲ್ಲಿ ಬರೆದಿಲ್ಲ.

ಉದ್ದ 20 ಅಡಿ, ಅಗಲ 12 ಅಡಿ. ಎರಡು ಸಾಲು, ಸಾಲಿಗೆ ಐದು ಕಂಬ, ಕಂಬದಿಂದ ಕಂಬಕ್ಕೆ 5 ಅಡಿ. ಒಟ್ಟು 10 ಗುಂಡಿ, ಒಂದೊಂದು 3 ಅಡಿ ಆಳ. ಅಡಿಪಾಯ ಇಲ್ಲ, ಗೋಡೆ ಇಲ್ಲ. ಕಂಬವೇ ಅಡಿಪಾಯ, ಕಂಬವೇ ಗೋಡೆ. ಮೂಡಣ ಸಾಲಿನ ಕಂಬ ನೆಲದಿಂದ 10 ಅಡಿ ಮೇಲೆ ನಿಲ್ಲಬೇಕು, ಪಡುವಣ ಸಾಲಿನದು 8 ಅಡಿ. ಹಾಗಾಗಿ 13 ಅಡಿಯ ಐದು, 11 ಅಡಿಯ ಐದು. ತಗ್ಗಿನ ಕಡೆ ಮುಂಗಾರಿನ ಗಾಳಿಗೆ ಬೆನ್ನು ಕೊಡುತ್ತದೆ, ಎತ್ತರದ ಕಡೆಯಿಂದ ಬೆಳಗಿನ ಬಿಸಿಲು ಒಳಗೆ ಬಂದು ನೆಲ ಒಣಗಿಸುತ್ತದೆ. ಒದ್ದೆ ನೆಲದಲ್ಲಿ ನಿಂತ ಹಸುವಿಗೆ ಗೊರಸು ಕೊಳೆಯುತ್ತದೆ, ಕೆಚ್ಚಲು ಬಾಯುತ್ತದೆ.

ಸರ್ವೆ ಕಂಬದ ತೊಗಟೆ ಸುಲಿದು ಒಣಗಿಸಿದೆವು. ಬುಡವನ್ನು ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿ ಡಾಂಬರು ಬಳಿದೆವು. ಹುಡುಗರು ಬುಡದ ತುದಿಗೆ ಬಳಿದು ಸುಮ್ಮನಾಗುತ್ತಿದ್ದರು. ದೊಡ್ಡಪ್ಪ ಬಂದು ಕಂಬದ ಮೇಲೆ ಗೇಣಿಟ್ಟು ಅಳೆದ. "ಕಂಬ ಕೊಳೆಯೋದು ಮಣ್ಣೊಳಗಲ್ಲ ಕಣ್ರಪ್ಪ. ಮಣ್ಣೂ ಗಾಳೀ ಕೂಡೋ ಕಡೆ. ಅಲ್ಲಿ ಬಳೀರಿ, ಮ್ಯಾಲಕ್ಕೊಂದಡಿ, ಕೆಳಕ್ಕೊಂದಡಿ." ನೆಲಮಟ್ಟದಲ್ಲೇ ಗಾಳಿಯೂ ತೇವವೂ ಒಟ್ಟಿಗೆ ಸಿಗುವುದು, ಮರ ತಿನ್ನುವ ಬೂಜು ಬದುಕುವುದು ಅಲ್ಲೇ ಎಂದು ನಮ್ಮ ಪೈಕಿ ಸಸ್ಯಶಾಸ್ತ್ರ ಓದಿದವನು ಆಮೇಲೆ ಒಪ್ಪಿದ. ಗುಂಡಿಯ ತಳಕ್ಕೆ ಒಂದು ಚಪ್ಪಡಿ ಕಲ್ಲು. ಇಲ್ಲದಿದ್ದರೆ ಮಳೆಗಾಲದಲ್ಲಿ ಕಂಬ ಕೂರುತ್ತದೆ. ಕಂಬ ಇಳಿಸಿ, ತೂಕದ ಗುಂಡಿನಿಂದ ನೆಟ್ಟಗೆ ಮಾಡಿ, ಅರ್ಧ ಅಡಿ ಮಣ್ಣು ಕಲ್ಲುಚೂರು ಹಾಕುವುದು, ಹಾರೆಯ ಹಿಂಬದಿಯಿಂದ ಕುಟ್ಟುವುದು, ಮತ್ತೆ ಅರ್ಧ ಅಡಿ, ಮತ್ತೆ ಕುಟ್ಟುವುದು. ಒಂದೇ ಸಲ ಮಣ್ಣು ತುಂಬಿ ಮೇಲೆ ತುಳಿದರೆ ಕಂಬ ಆಡುತ್ತದೆ. ನಾಲ್ಕು ಮೂಲೆ ಕಂಬಗಳನ್ನು ಮೊದಲು ನೆಟ್ಟು, ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡೂ ಕಡೆ ಒಂದೇ ಅಳತೆ ಬಂತೇ ನೋಡಬೇಕು. 20ಕ್ಕೆ 12 ಇದ್ದರೆ ಅದು 23 ಅಡಿ 4 ಇಂಚಿನ ಹತ್ತಿರ ಬರಬೇಕು. ದೊಡ್ಡಪ್ಪನಿಗೆ ಪೈಥಾಗೊರಸ್ ಗೊತ್ತಿಲ್ಲ. ಪೈಥಾಗೊರಸನಿಗೆ ದೊಡ್ಡಪ್ಪ ಗೊತ್ತಿದ್ದನೇ?

ಕಂಬದ ತಲೆಯಲ್ಲಿ ಕಚ್ಚು ತೆಗೆದು ಅದರ ಮೇಲೆ ಉದ್ದದ ತೊಲೆ, ತೊಲೆಗೆ ಅಡ್ಡವಾಗಿ ಐದು ಗಳ, ಗಳದ ಮೇಲೆ ತಗಡು ಕೂರುವ ಪಟ್ಟಿ. ತಗಡಿನ ಉದ್ದ 14 ಅಡಿ, ಎರಡೂ ಕಡೆ ಒಂದಿಷ್ಟು ಚಾಚಿರಲಿ. ಮೂಲೆಗಳಲ್ಲಿ ಕಂಬಕ್ಕೂ ತೊಲೆಗೂ ಓರೆಗಟ್ಟು ಕೊಡದಿದ್ದರೆ ಇಡೀ ಕೊಟ್ಟಿಗೆ ಒಂದು ಕಡೆ ವಾಲುತ್ತದೆ. ಮಳೆಗಿಂತ ಗಾಳಿ ಶತ್ರು. ಭರಣಿ ಮಳೆಯ ಮುಂಚೆ ಬೀಸುವ ಗಾಳಿ ತಗಡನ್ನು ಕೆಳಗಿನಿಂದ ಎತ್ತುತ್ತದೆ. ಬರೀ ಮೊಳೆ ನಂಬಬೇಡಿ, ಗಳಕ್ಕೆ ತಂತಿ ಸುತ್ತಿ ಬಿಗಿಯಿರಿ. ನೆಲಕ್ಕೆ ಇಟ್ಟಿಗೆಚೂರು, ಮಣ್ಣು, ದಮ್ಮಸ್ಸು. 12 ಅಡಿ ಅಗಲಕ್ಕೆ 3 ಇಂಚು ಇಳಿಜಾರು. ಗಂಜಲ ಹರಿದು ಗುಂಡಿಗೆ ಹೋಗಲಿ, ಅದು ಹೊಲಕ್ಕೆ ಚಿನ್ನ.

ಇಷ್ಟೇ. ಅಮೆರಿಕದಲ್ಲಿ 1930ರ ದಶಕದ ಮುಗ್ಗಟ್ಟಿನಲ್ಲಿ ಅಡಿಪಾಯಕ್ಕೆ ದುಡ್ಡಿಲ್ಲದ ರೈತರಿಗೆ ಎಣ್ಣೆ ಕುಡಿಸಿದ ಕಂಬಗಳನ್ನು ನೆಲಕ್ಕೆ ನೆಟ್ಟು ಕೊಟ್ಟಿಗೆ ಎಬ್ಬಿಸುವ ಪದ್ಧತಿ ಹಬ್ಬಿತು, ಆಮೇಲೆ ಅದೇ ದೊಡ್ಡ ಉದ್ಯಮವಾಯಿತು. ಅಲ್ಲಿ ಅದು ಸಂಶೋಧನೆ. ಇಲ್ಲಿ ನಮ್ಮ ಅಜ್ಜಂದಿರು ಮಾಡಿದ್ದು ಕೂಲಿ. ಕೂಲಿಯೂ ಅಲ್ಲ, ಬಿಟ್ಟಿ.

ಈ ಬಿಟ್ಟಿ ಎಂಬ ಮಾತಿನ ಎದುರಿಗೆ ಮುಯ್ಯಿ ಎಂಬ ಮಾತಿದೆ. ಒಕ್ಕಲಿನವರು ಮುಯ್ಯಾಳು ಹೋಗುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಳ್ಳಿಯ ಸಹಕಾರ, ಸಾಮರಸ್ಯ ಎಂದು ಕಣ್ಣೀರು ತುಂಬಿಕೊಂಡು ಬರೆಯುವ ಸಾಹಿತಿಗಳು ಒಂದು ಪ್ರಶ್ನೆ ಕೇಳುವುದಿಲ್ಲ: ಆ ಮುಯ್ಯಿ ಕೇರಿಗೆ ಯಾವತ್ತಾದರೂ ವಾಪಸ್ಸು ಬಂತೇ? ನಾವು ಅವರ ಕಂಬ ನೆಟ್ಟೆವು. ಅವರು ಯಾವಾಗ ನಮ್ಮ ಕಂಬ ನೆಡಲು ಬಂದರು? ಅವರಿಗೆ ಅವರೊಳಗೆ ಮುಯ್ಯಿ, ನಮಗೆ ಬಿಟ್ಟಿ. ಅಕ್ಕನ ಕೊಟ್ಟಿಗೆಯಲ್ಲಿ ನಾವು ಮಾಡಿದ್ದು ಒಂದೇ ಒಂದು ಹೊಸ ಕೆಲಸ. ಬಂದವರ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಯಾರು ಎಷ್ಟು ದಿನ, ಯಾವ ಕೆಲಸ. ಮಣ್ಣು ಹೊತ್ತ, ನೆಲ ಕುಟ್ಟಿದ, ಸಾರು ಬೇಯಿಸಿದ ಹೆಣ್ಣುಮಕ್ಕಳ ಹೆಸರೂ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ. ಅವರಿಗೆ ಬೇಕಾದಾಗ ಅಷ್ಟೇ ದಿನ ತಿರುಗಿ ಹೋಗಬೇಕು. ದೊಡ್ಡಪ್ಪ ತನ್ನ ಹೆಸರು ಓದಿಸಿ ಕೇಳಿದ. "ಇನ್ನೊಂದ್ಸಲ ಓದು ಮಗಾ" ಅಂದ.

ಈ ಊರಿನಲ್ಲಿ ಬೂಸಾ ಎಂಬ ಮಾತಿಗೆ ಒಂದು ಚರಿತ್ರೆ ಇದೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಊರು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಎದ್ದಿತು, ಮೈಸೂರಿನಿಂದ 'ಪಂಚಮ' ಹೊರಟಿತು. ಬೂಸಾ ಎಂದರೆ ದನ ತಿನ್ನುವುದು. ಬೂಸಾ ಮೂಟೆ ಬೆನ್ನ ಮೇಲೆ ಹೊತ್ತವರಿಗೆ ಆ ಮಾತು ಬೈಗುಳವಾಗಿ ಕೇಳಿರಲಾರದು. ಅದರ ಬೆಲೆ ಅವರಿಗೆ ಗೊತ್ತು. ಅಂದಿನಿಂದ ನಮ್ಮವರು ಬಹಳ ಬರೆದಿದ್ದಾರೆ. ಈಗ ನಮ್ಮೊಳಗೇ ಒಂದು ಜಾತಿಯ ಬೂಸಾ ಶುರುವಾಗಿದೆ. ಸಾಲಿಗೊಂದು ಗುಡಿಸಲು, ಪದ್ಯಕ್ಕೊಂದು ಹರಿದ ಸೂರು. ಬರೆದ ಕವಿಗೆ ತೊಲೆ ಯಾವುದು, ಗಳ ಯಾವುದು ಗೊತ್ತಿಲ್ಲ. ಸೂರಿನ ನೋವು ಬರೆಯುವ ಕವಿಮಿತ್ರರೇ, ಒಂದು ಭಾನುವಾರ ಬಂದು ಸೂರಿನ ಮೇಲೆ ಹತ್ತಿ. ಪದ್ಯಕ್ಕೂ ಒಳ್ಳೆಯದು.

ನಾಯಕರಿಗೂ ಎರಡು ಮಾತು. ಕೊಟ್ಟಿಗೆ ಸಣ್ಣ ವಿಷಯ, ಭವನ ಬೇಕು ಎನ್ನುತ್ತೀರಿ. ಭವನ ಬೇಕು, ನಾವೇ ಘೋಷಣೆ ಕೂಗಿದ್ದೇವೆ. ಆದರೆ ಶಂಕುಸ್ಥಾಪನೆಯ ಕಲ್ಲು ನೆಟ್ಟು, ಕಂಬಿಗಳು ತುಕ್ಕು ಹಿಡಿದು ಆಕಾಶ ನೋಡುತ್ತಾ ನಿಂತ ಭವನಗಳ ಒಳಗೆ ಈಗ ಯಾರ ಮೇಕೆ ಕಟ್ಟಿದೆ ಎಂದು ಹೋಗಿ ನೋಡಿದ್ದೀರಾ? ಗುತ್ತಿಗೆದಾರ ನಮ್ಮವನಾದರೆ ಸಾಕೆ?

ಒಂದು ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. ಕೇರಿಯ ಒಬ್ಬ ತಂಗಿಯೇ ಕೇಳಿದಳು: "ಅಣ್ಣಾ, ಎಲ್ರೂ ಆರ್.ಸಿ.ಸಿ. ಮನೆ ಕಟ್ತಾವ್ರೆ. ನೀವು ನಮ್ಮನ್ನ ಮತ್ತೆ ಗಳ ತಗಡಿಗೇ ಕರ್ಕೊಂಡೋಯ್ತೀರಾ?" ಇಲ್ಲ ತಂಗಿ. ಮನುಷ್ಯರಿಗೆ ಗಟ್ಟಿ ಮನೆಯೇ ಬೇಕು. ಮಣ್ಣಿನ ಮನೆಯ ತಂಪು, ಹುಲ್ಲಿನ ಸೂರಿನ ಸೊಗಸು ಎಂದು ಉಪದೇಶ ಮಾಡುವ ವಾಸ್ತುಶಿಲ್ಪಿಗಳು ಮೊದಲು ತಮ್ಮ ಕಾಂಕ್ರೀಟು ಒಡೆಸಲಿ. ಗುಡಿಸಲಿನ ಮೇಲೆ ಬೆಂಕಿಯ ಕೊಳ್ಳಿ ಎಸೆದವರ ಜಿಲ್ಲೆಗಳಿವು; ಹುಲ್ಲಿನ ಸೂರು ನಮಗೆ ಸೊಗಸಲ್ಲ, ಭಯ. ನಾವು ಹೇಳುತ್ತಿರುವುದು ದನದ ಮನೆಯ ಮಾತು. ದನಕ್ಕೆ ಗಾಳಿ ಬೆಳಕು ಬೇಕು, ನಾಲ್ಕು ಗೋಡೆ ಬೇಡ. ಅದಕ್ಕೆ ಕಂಟ್ರಾಕ್ಟರನ ಕಾಲು ಹಿಡಿಯುವುದು ಬೇಡ. ಉಳಿದ ದುಡ್ಡು ನಿನ್ನ ಮನೆಯ ಗೋಡೆಗೆ ಹೋಗಲಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಉದ್ದವೇನಿಲ್ಲ. 2020ರಲ್ಲಿ ಗೋಹತ್ಯೆ ನಿಷೇಧದ ಕಾಯ್ದೆ ತಂದಿರಿ, ಹಾಲು ಬತ್ತಿದ ಹಸುವನ್ನು ಮಾರುವ ದಾರಿ ಮುಚ್ಚಿದಿರಿ, ಗೋಶಾಲೆಗಳಿಗೆ ಜಾಗ ದುಡ್ಡು ಕೊಟ್ಟಿರಿ. ಹಸು ಮುದಿಯಾಗುವ ಮುಂಚೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಲೇ ಇಲ್ಲ. ಅದು ನಿಲ್ಲುವುದು ನಮ್ಮ ಅಕ್ಕಂದಿರ ಹಿತ್ತಿಲಲ್ಲಿ. ಪಟ್ಟಣ ಎಂದು ಬೋರ್ಡು ಹಾಕಿದ ಹಳ್ಳಿಗಳ ಕೇರಿಗಳಿಗೂ ಕೊಟ್ಟಿಗೆಯ ಹಣ ಕೊಡಿ. ಕಂಬ ನೆಟ್ಟ ಕೈಗೆ ಕೂಲಿ ಎಂದು ಕೊಡಿ, ಅಂಗಡಿ ಬಿಲ್ಲು ಕೇಳಬೇಡಿ. ಎಂಜಿನಿಯರು ಬಂದು ಕಂಬ ಅಲ್ಲಾಡಿಸಿ ನೋಡಲಿ. ಜಾಗದ ಪತ್ರ ಹಾಲು ಕರೆಯುವವಳ ಹೆಸರಿಗೆ ಆಗಲಿ. ಕೇರಿಯ ಸುತ್ತ ಉಳಿದಿರುವ ಗೋಮಾಳವನ್ನು ಸೈಟು ಮಾಡುವ ಮೊದಲು ಕೇರಿಯನ್ನು ಕೇಳಿ.

ಕೊಡುವವರೆಗೂ ನಾವು ಕಾಯುವುದಿಲ್ಲ. ನೋಟ್‌ಬುಕ್ಕಿನ ಲೆಕ್ಕದಂತೆ ಮುಂದಿನ ಕೊಟ್ಟಿಗೆ ಅದೇ ಕೇರಿಯ ಇನ್ನೊಂದು ತುದಿಯಲ್ಲಿ, ಮಣ್ಣು ಹೊತ್ತವರಲ್ಲೇ ಒಬ್ಬಳದು. ಅಗಲ ಎರಡು ಅಡಿ ಹೆಚ್ಚು ಇರಲಿ, ಸಂಜೆ ಮಕ್ಕಳು ಕೂತು ಓದುವುದಕ್ಕೆ ಒಂದು ಬದಿ ಬೇಕು ಎಂದು ಅವಳೇ ಹೇಳಿದ್ದಾಳೆ. ಹಾಗಾದರೆ ತಗಡೂ ಗಳವೂ ಉದ್ದ ಆಗಬೇಕು, ದೊಡ್ಡಪ್ಪ ಲೆಕ್ಕ ಹಾಕುತ್ತಿದ್ದಾನೆ. ಕಂಬಗಳ ತೊಗಟೆ ಸುಲಿದಾಗಿದೆ. ಬರುವವರು ಹಾರೆ ತನ್ನಿ. ಗುಂಡಿ ಹತ್ತು, ಇರುವ ಹಾರೆ ಎರಡೇ.